ಯಾರ ಪುಸ್ತಕ, ಯಾವ ಪುಟದಿಂದ?

ಕಳೆದ ವರ್ಷ ನಮ್ಮ ತಾಲ್ಲೂಕಿನ ಕೆಲವು ಗೆಳೆಯರು, ಮೇಷ್ಟ್ರುಗಳು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದೆವು. ಊರಿನವರು, ಕೇರಿಯವರು ಎಲ್ಲರೂ ಒಂದೇ ಪುಸ್ತಕ ಓದಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು, ಆಮೇಲೆ ಒಟ್ಟಿಗೆ ಕೂತು ಮಾತಾಡಬೇಕು ಅಂತ. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಯಾವ ಪುಸ್ತಕ ಅಂದಾಗ ಮಾತ್ರ ನಾಲ್ಕು ಸಭೆ ಬೇಕಾಯಿತು. ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ಆದ್ದರಿಂದ ಈ ಬರಹ ನನ್ನ ಮೇಲಿನ ವಿಮರ್ಶೆಯೂ ಹೌದು.

ನಾನು ಮೊದಲು ಸೂಚಿಸಿದ್ದು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994). ‘ಪುಸ್ತಕ ಒಳ್ಳೇದೇ, ಆದ್ರೆ ಊರಿನವ್ರು ಬೇಜಾರು ಮಾಡ್ಕೋತಾರೆ’ ಎಂದರು ಒಬ್ಬರು. ಮೀಸಲಾತಿ ಪಡೆದವರನ್ನು ಹಂಗಿಸುವ ಮಾತನ್ನೇ ಲೇಖಕ ಎತ್ತಿಕೊಂಡು ಹೆಸರು ಮಾಡಿಕೊಂಡರೆ ಹಂಗಿಸಿದವರಿಗೇ ಬೇಜಾರು! ದೇವನೂರ ಮಹಾದೇವರ ‘ಕುಸುಮಬಾಲೆ’ ಜನಕ್ಕೆ ಅರ್ಥವಾಗುವುದಿಲ್ಲ ಎಂದು ಪಕ್ಕಕ್ಕಿಟ್ಟರು. ಹಾಗಂದವರು ಯಾರೂ ಅದನ್ನು ಕೇರಿಯ ಜಗಲಿ ಮೇಲೆ ಗಟ್ಟಿಯಾಗಿ ಓದಿ ನೋಡಿದವರಲ್ಲ. ಕೊನೆಗೆ ಸಿದ್ಧಲಿಂಗಯ್ಯನವರ ‘ಊರುಕೇರಿ’ಗೆ ಎಲ್ಲರೂ ಒಪ್ಪಿದರು. ಕಾರಣ, ‘ನಗಿಸ್ತದೆ, ಯಾರಿಗೂ ನೋವಾಗಲ್ಲ.’ ಅದೇ ಕವಿಯ ‘ಹೊಲೆಮಾದಿಗರ ಹಾಡು’ (1975) ಯಾರ ಬಾಯಲ್ಲೂ ಬರಲಿಲ್ಲ. ನಾನೂ ಕೈ ಎತ್ತಿ ಬಂದೆ.

ಇದು ನಮ್ಮೊಬ್ಬರ ಕಥೆಯಲ್ಲ. ಇಡೀ ಊರು ಒಂದೇ ಪುಸ್ತಕ ಓದುವ ಪ್ರಯೋಗ 1998ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾಯಿತು. 2002ರಲ್ಲಿ ನ್ಯೂಯಾರ್ಕ್ ನಗರ ಇದನ್ನೇ ಮಾಡಹೊರಟಾಗ ಸಮಿತಿ ಎರಡು ಹೋಳಾಯಿತು. ಕೊರಿಯಾ ಮೂಲದ ಚಾಂಗ್-ರೇ ಲೀ ಅವರ ಕಾದಂಬರಿ ಒಂದು ಕಡೆ, ಕಪ್ಪು ಲೇಖಕ ಜೇಮ್ಸ್ ಮ್ಯಾಕ್‌ಬ್ರೈಡ್ ತಮ್ಮ ಬಿಳಿ ತಾಯಿಯ ಬಗ್ಗೆ ಬರೆದ ಪುಸ್ತಕ ಇನ್ನೊಂದು ಕಡೆ. ಯಾರಿಗೋ ನೋವಾದೀತೆಂಬ ಅಂಜಿಕೆ ಅಲ್ಲೂ ಇತ್ತು.

ಆದರೆ ಜಾತಿಯ ನಾಡಿನಲ್ಲಿ ಈ ಅಂಜಿಕೆಗೆ ಬೇರೆಯೇ ಇತಿಹಾಸವಿದೆ. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ತನ್ನ 1936ರ ಸಮ್ಮೇಳನಕ್ಕೆ ಬಾಬಾಸಾಹೇಬರನ್ನು ಅಧ್ಯಕ್ಷರಾಗಿ ಕರೆಯಿತು. ಜಾತಿ ಮುರಿಯಬೇಕು ಎನ್ನುವವರೇ ಅವರು. ಭಾಷಣ ಓದಿದ ಮೇಲೆ ಕೆಲವು ಭಾಗ ತೆಗೆಯಿರಿ ಅಂದರು. ಬಾಬಾಸಾಹೇಬರು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಅವರು ತಮ್ಮ ದುಡ್ಡಿನಲ್ಲೇ ಅಚ್ಚು ಹಾಕಿಸಿದ ಆ ಭಾಷಣವೇ ‘ಜಾತಿ ವಿನಾಶ’. ‘ಬೇಜಾರಾಗ್ತದೆ’ ಎಂದವರು ಅಂದೂ ಕೆಟ್ಟವರಲ್ಲ, ನಮ್ಮ ಸಮಿತಿಯವರೂ ಅಲ್ಲ. ತೊಡಕು ಇರುವುದೇ ಅಲ್ಲಿ.

ಓದು ಶುರುವಾಯಿತು. ಊರಿನ ಸಮುದಾಯ ಭವನದಲ್ಲಿ ಓದಿದ ಮೇಷ್ಟ್ರು ನಗೆಯ ಪ್ರಸಂಗಗಳನ್ನೇ ಆರಿಸಿ ಓದಿದರು. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ಹೊಡೆದರು. ಒಂದು ವಾರ ಬಿಟ್ಟು ಕೇರಿಯಲ್ಲಿ ನಾನು ಮೊದಲಿನಿಂದ ಓದಿದೆ. ಅಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಅವರಲ್ಲಿ ಒಬ್ಬ ಆ ಹುಡುಗನ ಅಪ್ಪ. ಯಾರೂ ಉಸಿರೆತ್ತಲಿಲ್ಲ. ಹಿಂದೆ ಕೂತಿದ್ದ ಕೂಲಿಯ ಹೆಂಗಸೊಬ್ಬರು, ‘ಇದ ಪುಸ್ತಕದಲ್ಲಿ ನೋಡಿ ಬೆರಗಾದ್ಯಾ ಮಗ? ನಿಮ್ ತಾತನ ಹೆಗಲ ಮುಟ್ಟಿ ನೋಡಿದ್ರೆ ಸಾಕಾಗಿತ್ತು’ ಅಂದರು. ಸ್ವಲ್ಪ ಹೊತ್ತಿಗೆ ನಗೆಯ ಪ್ರಸಂಗವೂ ಬಂತು. ಕೇರಿಯವರೂ ನಕ್ಕರು. ಆದರೆ ಅದು ನೊಗ ಇಳಿಸಿದ ಮೇಲೆ ಬರುವ ನಗೆ.

ಪುಸ್ತಕ ಒಂದೇ, ಓದಿದ್ದು ಎರಡು. ಸಿದ್ಧಲಿಂಗಯ್ಯನವರ ನಗೆಯನ್ನು ಮೆಚ್ಚುವ ನಮ್ಮ ವಿಮರ್ಶೆಯೂ ಎಷ್ಟೋ ಸಲ ಆ ಮೇಷ್ಟ್ರ ಹಾಗೇ ಪುಟ ಹಾರಿಸಿದೆ. ನೊಗ ಬಿಟ್ಟು ನಗೆ ಮಾತ್ರ ಎತ್ತಿಕೊಂಡರೆ ಅದು ರುಚಿಯಾಗಿರುತ್ತದೆ, ಯಾರನ್ನೂ ಏನೂ ಕೇಳುವುದಿಲ್ಲ. ತಪ್ಪು ಪುಸ್ತಕದ್ದಲ್ಲ. ‘ನೋವಾಗಲ್ಲ’ ಎಂಬ ಕಾರಣಕ್ಕೆ ಕೈ ಎತ್ತಿದ ನಮ್ಮದು. ನೋವಾಗಬಾರದು ಅಂದಾಗ ಯಾರ ನೋವನ್ನು ಲೆಕ್ಕಕ್ಕೆ ಹಿಡಿದಿದ್ದೆವು? ಕೇರಿಯವರಿಗೆ ಬೇಜಾರಾಗುತ್ತದೋ ಇಲ್ಲವೋ ಎಂದು ನಾಲ್ಕು ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗೆಳೆಯರೇ, ಪುಸ್ತಕದ ಆಯ್ಕೆಯೇ ಮೊದಲ ವಿಮರ್ಶೆ. ಅದು ಹೆಸರು ಗೊತ್ತುಮಾಡುವಲ್ಲಿಗೆ ಮುಗಿಯುವುದಿಲ್ಲ. ಎಲ್ಲಿ ಓದುತ್ತೇವೆ, ಯಾರ ದನಿಯಲ್ಲಿ, ಯಾವ ಪುಟ ಬಿಡುತ್ತೇವೆ ಅನ್ನುವುದೂ ಆಯ್ಕೆಯೇ. ಈ ಸಲದ ಸಭೆಗೆ ನಾನು ಮೂರು ಮಾತು ಬರೆದಿಟ್ಟುಕೊಂಡಿದ್ದೇನೆ. ಓದು ಕೇರಿಯಲ್ಲೇ ನಡೆಯಲಿ, ಊರಿನವರು ಅಲ್ಲಿಗೆ ಬರಲಿ. ಮೊದಲ ಪುಟದಿಂದ ಶುರುವಾಗಲಿ. ಪುಸ್ತಕ ‘ಗೌರ್ಮೆಂಟ್ ಬ್ರಾಹ್ಮಣ’ವೇ ಆಗಲಿ. ಬೇಜಾರಾದವರು ಎದ್ದು ಹೋಗದೆ ಕೂತರೆ, ನಾವು ಅಂದುಕೊಂಡ ಮಾತುಕತೆ ಅಲ್ಲಿಂದಲೇ ಶುರುವಾಗುತ್ತದೆ.