ಆರೇ ಖಾನೆಯ ಚೀಲ

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರು ಬುಡದಲ್ಲೇ ಚೀಲದ ಲೆಕ್ಕ ಹಾಕುತ್ತಾರೆ: ನೀರು ಬೇಕು, ಉಳಿದದ್ದೆಲ್ಲ ಭಾರ. 2022ರ ಅಕ್ಟೋಬರಿನಲ್ಲಿ ಬಂದ ‘ಸಿಗ್ನಾಲಿಸ್’ ಎಂಬ ವಿಡಿಯೊ ಗೇಮ್ ಆಟಗಾರನ ಕೈಗೆ ಇಂಥದೇ ಲೆಕ್ಕ ಕೊಡುತ್ತದೆ. ಆಟ ಬಿಡುಗಡೆಯಾದಾಗ ನಾಯಕಿ ಎಲ್ಸ್ಟರ್ ಒಮ್ಮೆಗೆ ಹೊರಬಹುದಾಗಿದ್ದುದು ಆರೇ ವಸ್ತು. ಪಿಸ್ತೂಲು, ಗುಂಡು, ಔಷಧ, ಎರಡು ಕೀಲಿ ಇಟ್ಟುಕೊಂಡರೆ ಚೀಲ ಮುಗಿದಂತೆಯೇ.

ಜರ್ಮನಿಯ ಹ್ಯಾಂಬರ್ಗಿನ ಯೂರಿ ಸ್ಟರ್ನ್, ಬಾರ್ಬರಾ ವಿಟ್ಮನ್ ಎಂಬಿಬ್ಬರು ‘ರೋಸ್-ಎಂಜಿನ್’ ಹೆಸರಿನಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಆಟವಿದು. ತೊಂಬತ್ತರ ದಶಕದ ಪ್ಲೇಸ್ಟೇಷನ್ನಿನ ಒರಟು ಚಿತ್ರಗಳು, ಮೇಲಿನಿಂದ ನೋಡುವ ಕ್ಯಾಮೆರಾ. ‘ರೆಸಿಡೆಂಟ್ ಈವಿಲ್’, ‘ಸೈಲೆಂಟ್ ಹಿಲ್’ ಎಂಬ ಹಳೆಯ ಭಯದ ಆಟಗಳ ಋಣ ಎದ್ದು ಕಾಣುತ್ತದೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೇಳುವುದಿಲ್ಲ. ಶಿರಾ, ಕೊರಟಗೆರೆ, ಪಾವಗಡದ ಹುಡುಗರಿಗೆ ಇದು ಸಣ್ಣ ವಿಷಯವಲ್ಲ.

ವಿಮರ್ಶಕರು ವಾತಾವರಣ, ಶಬ್ದ, ಒಗಟುಗಳನ್ನು ಮನಸಾರೆ ಮೆಚ್ಚಿದರು. ಆರು ಖಾನೆಯ ಬಗ್ಗೆ ಮಾತ್ರ ಹಲವರು ಗೊಣಗಿದರು, ವಸ್ತು ಇಡುವ ಪೆಟ್ಟಿಗೆಗೂ ಬಾಗಿಲಿಗೂ ಓಡಾಡಿಯೇ ಸಾಕಾಯಿತೆಂದು.

ಗೊಣಗಾಟ ಅರ್ಧ ಸರಿ. ದಾರಿ ಗೊತ್ತಾದ ಮೇಲೂ ಅದೇ ಓಣಿ ಸುತ್ತುವುದು ಬೇಸರವೇ. ಆದರೆ ಭಯ ಹುಟ್ಟುವುದೂ ಅಲ್ಲೇ. ಬಿದ್ದ ಶತ್ರುವನ್ನು ಸುಡದಿದ್ದರೆ ಅದು ಮತ್ತೆ ಎದ್ದೀತು. ಸುಡಲು ಥರ್ಮೈಟ್ ಬೇಕು, ಅದಕ್ಕೂ ಒಂದು ಖಾನೆ. ಹಾಗಾಗಿ ಗುಂಡು ಹಾರಿಸುವ ಮೊದಲು ಪಕ್ಕದಿಂದ ಓಡಿಹೋಗಬಹುದೇ ಎಂದು ಯೋಚಿಸುತ್ತೇವೆ. ಕೋಟಿಗಟ್ಟಲೆ ಸುರಿದ ಎಷ್ಟೋ ಆಟಗಳು ಈ ಹಿಂಜರಿಕೆಯನ್ನು ಹುಟ್ಟಿಸಲಾರವು. ಕಥೆ ಕೆಲವೆಡೆ ಬೇಕೆಂದೇ ಮಸುಕಾಗುತ್ತದೆ. ಚಿತ್ರಕಾರ ಬೋಕ್ಲಿನ್‌ನ ‘ಸಾವಿನ ದ್ವೀಪ’ ಚಿತ್ರ ಪದೇಪದೇ ತಲೆಹಾಕುವುದು ನನಗೆ ತುಸು ಅತಿ ಎನಿಸಿತು.