ಅಗಲಿದ ಮಕ್ಕಳಿಗೆ ತಿರುಗಾಟದ ವಾರ್ತೆ

೧

ದೂರದಲ್ಲಿರುವ ಮಗುವಿಗೆ ಹಿರಿಯರು ತಮ್ಮ ತಿರುಗಾಟದ ಸುದ್ದಿಯನ್ನು ತಿಳಿಸುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದಿರುವ ವ್ಯವಹಾರ. ಹೊಳೆಯ ದಂಡೆಯವರೆಗೆ ಹೋಗಿಬಂದೆವು, ತೋಪಿನ ಮಾವು ಹೂಬಿಟ್ಟಿದೆ, ಜಾತ್ರೆಯಲ್ಲಿ ತೇರು ಸಾಂಗವಾಗಿ ಹರಿಯಿತು, ಇಷ್ಟೇ ಅದರ ಒಡಲು. ಇದರಲ್ಲಿ ಅಲಂಕಾರವಿಲ್ಲ, ಕಥೆಯಿಲ್ಲ, ನೀತಿಯೂ ಇಲ್ಲ. ಹೀಗಿರಲು ಇದನ್ನು ಸಾಹಿತ್ಯವಿಚಾರದ ಪಂಕ್ತಿಗೆ ತರಬಹುದೆ ಎಂಬ ಸಂದೇಹ ಸಹಜವಾದುದು.

ಈ ಸಂದೇಹಕ್ಕೆ ಪ್ರಾಚೀನ ಆಲಂಕಾರಿಕರಲ್ಲಿಯೇ ಆಧಾರವುಂಟು. ಭಾಮಹನು ತನ್ನ ಕಾವ್ಯಾಲಂಕಾರದಲ್ಲಿ, ಸಂಜೆಯ ಸೂರ್ಯಚಂದ್ರರನ್ನೂ ಗೂಡಿಗೆ ಮರಳುವ ಹಕ್ಕಿಗಳನ್ನೂ ಕುರಿತ ಬರಿಯ ಹೇಳಿಕೆಯೊಂದನ್ನು ಎತ್ತಿಕೊಂಡು, ಇದೂ ಕಾವ್ಯವೆ ಎಂದು ಪ್ರಶ್ನಿಸಿ, ಇಂಥದಕ್ಕೆ ವಾರ್ತೆಯೆಂದು ಹೆಸರು ಎಂದು ತೀರ್ಮಾನಿಸಿರುವನು. ವಕ್ರೋಕ್ತಿಯಿಲ್ಲದ ಮಾತು ಅವನ ಮತದಲ್ಲಿ ಕಾವ್ಯದ ಹೊಸ್ತಿಲಿನ ಹೊರಗೆ ನಿಂತದ್ದು. ತಿರುಗಾಟದ ಸುದ್ದಿಗೆ ಈ ಮಾತು ಪೂರ್ಣವಾಗಿ ಅನ್ವಯಿಸುವಂತೆ ತೋರುತ್ತದೆ.

ಆದರೆ ಸೂರ್ಯನು ಮುಳುಗಿದನೆಂಬ ಅದೇ ಬರಿಯ ಹೇಳಿಕೆಯನ್ನು ಮುಂದಿನ ಧ್ವನಿವಾದಿಗಳು ಬೇರೊಂದು ಬಗೆಯಲ್ಲಿ ನೋಡಿದರು. ಮಮ್ಮಟನು ಕಾವ್ಯಪ್ರಕಾಶದ ಐದನೆಯ ಉಲ್ಲಾಸದಲ್ಲಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಕೇಳುವವರು ಬೇರೆಯಾದಂತೆ ಇದರ ಅರ್ಥವೂ ಬೇರೆಯಾಗುವುದೆಂದು ತೋರಿಸಿರುವನು. ಸೇನಾನಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು. ಅಭಿಸಾರಿಕೆಗೆ ಹೊರಡುವ ಹೊತ್ತು. ಗೋವಳನಿಗೆ ದನಗಳನ್ನು ಅಟ್ಟಿಕೊಂಡು ಬರುವ ಹೊತ್ತು. ಕೂಲಿಯವನಿಗೆ ಕೆಲಸ ಬಿಡುವ ಹೊತ್ತು. ವಾಕ್ಯ ಒಂದೇ, ಅದರ ಬೆಲೆಯನ್ನು ನಿಶ್ಚಯಿಸುವವನು ಶ್ರೋತೃ. ಇವನಿಗೆ ಶಾಸ್ತ್ರದಲ್ಲಿ ಬೋದ್ಧವ್ಯನೆಂದು ಹೆಸರು.

ಅಗಲಿದ ಮಗುವಿಗೆ ಹೇಳಿದ ವಾರ್ತೆಯನ್ನು ಈ ಬೋದ್ಧವ್ಯನ ದೃಷ್ಟಿಯಿಂದಲೇ ಪರೀಕ್ಷಿಸಬೇಕು. ಅದರ ಸ್ವಾರಸ್ಯವು ಕಂಡ ವಸ್ತುವಿನಲ್ಲಿ ಇರುವುದಿಲ್ಲ, ಕೇಳುವ ಮಗುವಿನಲ್ಲಿ ಇರುವುದು. ಮಗುವನ್ನು ಮರೆತು ವಸ್ತುವನ್ನು ಎಷ್ಟು ಚೆನ್ನಾಗಿ ವರ್ಣಿಸಿದರೂ ಅದು ಭಾಮಹನು ಹೇಳಿದ ವಾರ್ತೆಯಾಗಿಯೇ ಉಳಿಯುವುದು; ಮಗುವನ್ನು ನೆನೆದು ಒಂದು ಜಿಂಕೆಯ ಸುದ್ದಿ ಹೇಳಿದರೂ ಅದು ಕಾವ್ಯವಾಗುವುದು.

೨

ಜಿಂಕೆಯ ಸುದ್ದಿ ಎಂದೊಡನೆ ರಸಿಕರಿಗೆ ಶಾಕುಂತಲದ ನಾಲ್ಕನೆಯ ಅಂಕ ನೆನಪಾಗುವುದು. ಕನ್ನಡಿಗರಿಗೆ ಈ ಅಂಕವು ಮೂಲದಿಂದ ಮಾತ್ರವೇ ಪರಿಚಯವಾದುದಲ್ಲ. ಅಭಿನವ ಕಾಳಿದಾಸರೆಂದು ಬಿರುದಾಂಕಿತರಾದ ಮೈಸೂರಿನ ಬಸವಪ್ಪಶಾಸ್ತ್ರಿಗಳ (೧೮೪೩–೧೮೯೧) ಕನ್ನಡ ಶಾಕುಂತಲದ ಮೂಲಕ ಓದಿಗೂ ರಂಗಕ್ಕೂ ಇಳಿದು, ಸಂಸ್ಕೃತವನ್ನು ಅರಿಯದವರ ಮನೆಮಾತೂ ಆದದ್ದು.

ಶಕುಂತಲೆಯು ಹೊರಡುವ ಮೊದಲು ಕಣ್ವನು ತಪೋವನದ ಮರಗಳನ್ನು ಕರೆದು ಅವಳು ಪತಿಗೃಹಕ್ಕೆ ಹೊರಟಿರುವ ಸುದ್ದಿಯನ್ನು ಅವುಗಳಿಗೆ ತಿಳಿಸುತ್ತಾನೆ. ಮರಗಳಿಗೆ ನೀರೆರೆಯದೆ ತಾನು ನೀರು ಕುಡಿಯದವಳು, ಅವು ಮೊದಲು ಹೂಬಿಟ್ಟಾಗ ಹಬ್ಬಮಾಡಿದವಳು ಎಂದು ಅವಳ ಗುರುತನ್ನು ಹೇಳುತ್ತಾನೆ. ಮುಂದೆ ಶಕುಂತಲೆಯು ವನಜ್ಯೋತ್ಸ್ನೆ ಎಂಬ ಬಳ್ಳಿಯನ್ನು ಸಖಿಯರ ವಶಕ್ಕೆ ಕೊಟ್ಟು, ತಂದೆಯ ಕಡೆ ತಿರುಗಿ ಒಂದು ಬೇಡಿಕೆಯನ್ನು ಮುಂದಿಡುತ್ತಾಳೆ. ಪರ್ಣಶಾಲೆಯ ಸುತ್ತ ಬಸುರಿನ ಭಾರದಿಂದ ಮೆಲ್ಲಮೆಲ್ಲನೆ ತಿರುಗಾಡುತ್ತಿರುವ ಹೆಣ್ಣುಜಿಂಕೆಯು ಸುಖವಾಗಿ ಈದಾಗ, ಆ ಸಂತೋಷವನ್ನು ತನಗೆ ಹೇಳಿಕಳುಹಿಸಬೇಕೆಂಬುದೇ ಆ ಬೇಡಿಕೆ. ಕಣ್ವನು ಮರೆಯುವುದಿಲ್ಲವೆಂದು ಒಪ್ಪಿಕೊಳ್ಳುತ್ತಾನೆ.

ಇಲ್ಲಿ ವಿಮರ್ಶಕನು ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಶಕುಂತಲೆಯು ಕೇಳಿದ್ದು ಆಶ್ರಮದ ಹೊಸ ಸುದ್ದಿಯನ್ನಲ್ಲ. ತಾನು ಇದ್ದಾಗಲೇ ಮೊದಲಾಗಿ, ತಾನು ಹೊರಡುವಾಗ ಇನ್ನೂ ಮುಗಿಯದೆ ಇದ್ದ ಒಂದು ಸಂಗತಿಯ ಮುಂದಿನ ಭಾಗವನ್ನು ಕೇಳಿದಳು. ದಿನವೂ ಓಡಾಡುತ್ತಿದ್ದ ದಾರಿಯಲ್ಲಿ ಅವಳ ಕಣ್ಣು ಎಲ್ಲಿ ನಿಂತಿತೋ ಅಲ್ಲಿಂದ ಮುಂದಕ್ಕೆ ತಂದೆಯ ಕಣ್ಣು ಸಾಗಬೇಕು. ಎರಡನೆಯದಾಗಿ, ಆ ಜಿಂಕೆಯೂ ತಾಯಿಯಾಗಲಿರುವುದು, ಶಕುಂತಲೆಯೂ ಗರ್ಭಿಣಿ. ಜಿಂಕೆಯ ಸುಖಪ್ರಸವದ ವಾರ್ತೆಯು ತನ್ನ ವಿಷಯದಲ್ಲಿ ಅವಳು ಬಾಯಿಬಿಟ್ಟು ಕೇಳಲಾರದ ಭರವಸೆಯೂ ಆಗಿರುವುದು. ಕವಿಯು ಇದನ್ನು ಎಲ್ಲಿಯೂ ವಿವರಿಸದೆ ಬಿಟ್ಟಿರುವುದರಿಂದಲೇ ಧ್ವನಿಯು ಕೆಡದೆ ಉಳಿದಿದೆ.

ಆ ಜಿಂಕೆಯ ಸುದ್ದಿ ಶಕುಂತಲೆಗೆ ಮುಟ್ಟಿತೆಂದು ನಾಟಕದಲ್ಲಿ ಎಲ್ಲಿಯೂ ಹೇಳಿಲ್ಲ. ಆದರೆ ಏಳನೆಯ ಅಂಕದ ಕೊನೆಯಲ್ಲಿ ಕಾಳಿದಾಸನು ವಾರ್ತೆಯ ಪ್ರಶ್ನೆಯನ್ನು ಮರಳಿ ಎತ್ತುತ್ತಾನೆ. ಗಂಡಹೆಂಡಿರು ಕೂಡಿದ ಮೇಲೆ, ಈ ಸಂಗತಿಯನ್ನು ಕಣ್ವನಿಗೆ ತಿಳಿಸಬೇಡವೆ ಎಂದು ಅದಿತಿಯು ಕೇಳುವಳು. ಕಣ್ವನಿಗೆ ತಪಸ್ಸಿನ ಮಹಿಮೆಯಿಂದ ಎಲ್ಲವೂ ಪ್ರತ್ಯಕ್ಷವೆಂದು ಮಾರೀಚನಿಗೆ ಗೊತ್ತು. ಆದರೂ ಪ್ರಿಯವನ್ನು ತಿಳಿಸಲೇಬೇಕೆಂದು ಗಾಲವನೆಂಬ ಶಿಷ್ಯನನ್ನು ಆಕಾಶಮಾರ್ಗವಾಗಿ ಕಳುಹಿಸುತ್ತಾನೆ. ಬಲ್ಲವನಿಗೂ ಹೇಳಬೇಕೆಂಬ ಈ ನಿರ್ಣಯವು ಬಹು ಮುಖ್ಯವಾದುದು. ವಾರ್ತೆಯ ಪ್ರಯೋಜನ ತಿಳಿವಳಿಕೆಯೊಂದೇ ಆಗಿದ್ದರೆ ಗಾಲವನ ಪ್ರಯಾಣ ವ್ಯರ್ಥ. ಹೇಳಿಕಳುಹಿಸುವುದೇ ಒಂದು ಉಪಚಾರ. ಅದರಿಂದ ಸಂತೋಷದಲ್ಲಿ ದೂರದವರ ಪಾಲು ಅವರಿಗೆ ಸಲ್ಲುತ್ತದೆ. ಮಗಳು ತಂದೆಯಿಂದ ಬೇಡಿದ್ದೂ ಇಂಥ ಪಾಲನ್ನೇ.

೩

ವಾರ್ತೆಯಿಂದ ಸುಖವೇ ಆಗುವುದೆಂದು ಹೇಳಲಾಗದು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಇದಕ್ಕೆ ಪ್ರತಿಯಾದ ಸನ್ನಿವೇಶವಿದೆ. ಅಲ್ಲಿ ಹೊರಗೆ ಹೋದವನು ಮಗ, ಮನೆಯಲ್ಲಿ ಕಾಯುವವಳು ತಾಯಿ. ಲೋಹಿತಾಶ್ವನು ಓರಗೆಯ ಹುಡುಗರೊಡನೆ ಅಡವಿಗೆ ಹೋಗಿ ಹಾವು ಕಚ್ಚಿ ಮಡಿಯುವನು. ಆ ದಿನದ ಸಂಚಾರದ ವಾರ್ತೆಯನ್ನು ಜೊತೆಯ ಹುಡುಗರು ಚಂದ್ರಮತಿಗೆ ತಂದು ಮುಟ್ಟಿಸುವರು. ವಾರ್ತೆ ಬಂದರೂ ಅವಳು ಹೋಗುವಂತಿಲ್ಲ. ಒಡೆಯನ ಮನೆಯ ಕೆಲಸ ತೀರಿದ ಹೊರತು ಅಪ್ಪಣೆಯಿಲ್ಲ. ಈ ಪ್ರಕರಣದ ಕ್ರೌರ್ಯವು ಸಾವಿನಲ್ಲಿ ಎಷ್ಟಿದೆಯೋ ಕೇಳಿದವಳ ಪರಾಧೀನತೆಯಲ್ಲಿಯೂ ಅಷ್ಟೇ ಇದೆ.

ಇದರಿಂದ ಒಂದು ಆಕ್ಷೇಪವು ಹುಟ್ಟುತ್ತದೆ. ಬರಲಾರದ ಮಗುವಿಗೆ ತಿರುಗಾಟದ ಸಂತೋಷವನ್ನು ಬಣ್ಣಿಸುವುದು ಅದರ ಪರಾಧೀನತೆಯನ್ನು ಕೆಣಕಿದಂತೆ ಆಗುವುದಿಲ್ಲವೆ? ಆಕ್ಷೇಪವು ಹಗುರವಾದುದಲ್ಲ. ಕನ್ನಡನಾಡಿನಲ್ಲಿ ಇದರ ತೂಕವನ್ನು ಅರಿತವರು ಕೊಟ್ಟ ಮನೆಯ ಹೆಣ್ಣುಮಕ್ಕಳು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಬೆಳಕಿಗೆ ತಂದ ಗರತಿಯ ಹಾಡು ಮೊದಲಾದ ಸಂಕಲನಗಳನ್ನು ನೋಡಿದವರಿಗೆ ತವರಿನ ಹಂಬಲವು ಬೀಸುಕಲ್ಲಿನ ಹಾಡುಗಳಲ್ಲಿ ಎಷ್ಟು ಆಳವಾಗಿ ಹರಿದಿದೆಯೆಂಬುದು ತಿಳಿಯದೆ ಇರದು. ಕಾಗದ ಬರೆಯಬಲ್ಲವರು ಮನೆಯಲ್ಲಿ ಇಲ್ಲದ ಕಾಲದಲ್ಲಿ ತವರಿನ ವಾರ್ತೆ ಬರುತ್ತಿದ್ದುದು ದಾರಿಹೋಕರ ಬಾಯಿಂದ, ಬಳೆಗಾರನ ಬಾಯಿಂದ, ಹಬ್ಬಕ್ಕೆ ಕರೆಯಬಂದ ಅಣ್ಣನ ಬಾಯಿಂದ. ಸುದ್ದಿ ಕೇಳಿ ಕಣ್ಣೀರಿಡುವ ಮಗಳೂ ಸುದ್ದಿ ಬೇಡವೆಂದು ಹೇಳುವುದಿಲ್ಲ. ನೋವಿನ ಭಯದಿಂದ ಸುದ್ದಿಯನ್ನು ಮುಚ್ಚಿಟ್ಟರೆ ತವರಿನಲ್ಲಿ ತನಗೆ ಪಾಲೇ ಇಲ್ಲವೆಂದು ಆಕೆಗೆ ತೋರುವುದು. ಅದು ಹೆಚ್ಚಿನ ನೋವು.

ಆದಕಾರಣ ಹೇಳಬೇಕೆ ಬೇಡವೆ ಎಂಬುದು ಪ್ರಶ್ನೆಯಲ್ಲ. ಹೇಗೆ ಹೇಳಬೇಕೆಂಬುದು ಪ್ರಶ್ನೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ಸೀಮೆಯಲ್ಲಿ, ಮಡಿಕೇರಿಯ ಹೆದ್ದಾರಿಯು ಕಾವೇರಿಯನ್ನು ಮುಟ್ಟುವೆಡೆಯಲ್ಲಿ ಇರುವ ಕೊಪ್ಪವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಹೊಳೆ ದಾಟಿದರೆ ಕುಶಾಲನಗರ, ಕೊಡಗಿನ ನೆಲ. ಕೊಪ್ಪದ ತಾಯಿಯೊಬ್ಬಳು ದೂರದ ಮಗಳಿಗೆ, ಸಂಕ್ರಾಂತಿಯ ಹೊತ್ತಿನಲ್ಲಿ ಚುಂಚನಕಟ್ಟೆಯ ಜಾತ್ರೆಗೆ ಹೋಗಿದ್ದೆವು, ದನಗಳು ಬಹಳ ಸೇರಿದ್ದುವು, ಎಲ್ಲರೂ ಕ್ಷೇಮವಾಗಿ ಬಂದೆವು ಎಂದು ಬರೆಯಿಸಿದರೆ ಅದು ವಾರ್ತೆ. ಆಷಾಢದ ಮಳೆಗೆ ಹೊಳೆ ಏರಿದೆ, ನೀನು ಇಳಿಯಲು ಹೆದರುತ್ತಿದ್ದ ಮೆಟ್ಟಿಲು ಮುಳುಗಿದೆ ಎಂದು ಬರೆಯಿಸಿದರೆ ಅದು ಶಕುಂತಲೆಯ ಜಿಂಕೆಯ ಜಾತಿಗೆ ಸೇರಿದುದು. ಮೊದಲನೆಯ ಕಾಗದವನ್ನು ಯಾರಿಗೆ ಬೇಕಾದರೂ ಕಳುಹಿಸಬಹುದು. ಎರಡನೆಯದನ್ನು ಆ ಒಬ್ಬ ಮಗಳಿಗಲ್ಲದೆ ಇನ್ನಾರಿಗೂ ಕಳುಹಿಸಲಾಗದು. ಆ ಮೆಟ್ಟಿಲಿನ ಮೇಲೆ ಮಗಳಿಗಾಗಿ ಜಾಗ ಉಳಿದಿದೆಯೆಂಬುದೇ ಆ ಕಾಗದದ ಅರ್ಥ.

ಅದೇ ಸೀಮೆಯ ಬೈಲಕುಪ್ಪೆಯಲ್ಲಿ ೧೯೬೦ರ ನಂತರ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದರು. ತಾಯ್ತಂದೆಗಳನ್ನು ಗಡಿಯಾಚೆಯಲ್ಲಿಯೇ ಬಿಟ್ಟು ವಿದ್ಯೆಗಾಗಿ ಭಾರತಕ್ಕೆ ಬಂದ ಟಿಬೆಟ್ಟಿನ ಮಕ್ಕಳೂ ಉಂಟು. ಹಬ್ಬಕ್ಕೆ ಕರೆಯಬರುವ ಅಣ್ಣನಿಲ್ಲದ ಇಂಥ ಅಗಲಿಕೆಯನ್ನು ನೆನೆದರೆ, ಮೆಟ್ಟಿಲಿನ ಸುದ್ದಿಯೊಂದು ಎಷ್ಟು ಭಾರವನ್ನು ಹೊರಬಲ್ಲದೆಂಬುದು ಮನಸ್ಸಿಗೆ ಬರುವುದು.

೪

ಬಾಯಿಮಾತಿನ ವಾರ್ತೆಯಿಂದ ಬರಹದ ವಾರ್ತೆಗೆ ಬಂದರೆ, ಆಧುನಿಕ ಕಾಲದಲ್ಲಿ ಅಗಲಿದ ಮಗುವಿಗೆ ಬರೆದ ಕಾಗದಗಳಲ್ಲಿ ಅತ್ಯಂತ ಪ್ರಸಿದ್ಧವಾದುವು ಜವಾಹರಲಾಲ ನೆಹರೂ ಅವರವು. ೧೯೨೮ರ ಬೇಸಗೆಯಲ್ಲಿ ಹತ್ತು ವರ್ಷದ ಇಂದಿರೆಯು ಮಸ್ಸೂರಿಯ ಬೆಟ್ಟದಲ್ಲಿದ್ದಾಗ ತಂದೆಯು ಕೆಳನಾಡಿನಿಂದ ಅವಳಿಗೆ ಬರೆದ ಪತ್ರಗಳು ೧೯೨೯ರಲ್ಲಿ ಅಲಹಾಬಾದಿನಲ್ಲಿ ಪುಸ್ತಕರೂಪವಾಗಿ ಹೊರಬಂದುವು. ಪ್ರೇಮಚಂದರು ಅವನ್ನು ಹಿಂದಿಗೆ ತಂದರು. ಭೂಮಿಯ ಹುಟ್ಟು, ಜೀವಿಗಳ ಬೆಳವಣಿಗೆ, ಮೊದಲ ಮಾನವರು ಇವೇ ಮುಂತಾದುವು ಅವುಗಳ ವಿಷಯ. ಆದರೆ ಮೊದಲ ಪತ್ರದ ಪ್ರವೇಶವು ಪಾಠದ ಪ್ರವೇಶವಲ್ಲ. ಜೊತೆಯಲ್ಲಿದ್ದಾಗ ಮಗಳು ಪ್ರಶ್ನೆಗಳನ್ನು ಕೇಳುತ್ತಿದ್ದಳು, ಈಗ ದೂರವಿರುವುದರಿಂದ ಮಾತಿನ ಸ್ಥಾನದಲ್ಲಿ ಕಾಗದ ಬಂದಿದೆ, ಎಂಬ ಭಾವದಿಂದ ಅದು ಮೊದಲಾಗುವುದು. ಮುಂದೆ ಒಂದು ದುಂಡನೆಯ ಬೆಣಚುಕಲ್ಲನ್ನು ತೋರಿಸಿ, ಬೆಟ್ಟದ ಬಂಡೆಯಿಂದ ಒಡೆದು ಹೊಳೆಯಲ್ಲಿ ಉರುಳಿ ಅದು ಹೇಗೆ ನುಣುಪಾಯಿತೆಂದು ತಂದೆಯು ಹೇಳುವನು. ತಾನು ಕಂಡುದನ್ನು ಹೇಳುವುದಕ್ಕಿಂತ ಮಗಳು ನಾಳೆ ಬೆಟ್ಟದ ದಾರಿಯಲ್ಲಿ ಕಾಣಬಹುದಾದುದಕ್ಕೆ ಕಣ್ಣು ಕೊಡುವ ಕೆಲಸ ಇದು. ಇಲ್ಲಿ ಸಂಚಾರದ ವಾರ್ತೆಯು ತಿರುಗುಮುರುಗಾಗಿ, ಕಾಗದವೇ ಮಗುವನ್ನು ತಿರುಗಾಟಕ್ಕೆ ಹೊರಡಿಸುವುದು.

ಇನ್ನು ಕೆಲವೆಡೆ ತಂದೆಮಕ್ಕಳು ಹಿಂದೆ ಕೂಡಿ ತಿರುಗಿದ ಊರುಗಳ ನೆನಪು ಬರುವುದು. ೧೯೨೬, ೧೯೨೭ರಲ್ಲಿ ಆ ಕುಟುಂಬವು ಯೂರೋಪಿನಲ್ಲಿ ಇದ್ದಿತು. ಜರ್ಮನಿಯ ಹೈಡಲ್‌ಬರ್ಗಿನಲ್ಲಿ ನೋಡಿದ ಪ್ರಾಚೀನ ತಲೆಬುರುಡೆಯನ್ನು ಜ್ಞಾಪಿಸಿಕೊಟ್ಟು, ಅದರ ಮೂಲಕ ಆದಿಮಾನವನ ಮಾತಿಗೆ ನೆಹರೂ ಅವರು ಪ್ರವೇಶಿಸುವರು. ಇಂಥ ಎಡೆಗಳಲ್ಲಿ ಶಾಸ್ತ್ರವಿಷಯವು ಮಗುವಿನ ಸ್ವಂತ ಅನುಭವದ ಮುಂದುವರಿಕೆಯಾಗುವುದು. ನಡುವಿನ ಕೆಲವು ಪತ್ರಗಳಲ್ಲಿ, ಮುಖ್ಯವಾಗಿ ಜನಾಂಗ, ಭಾಷೆ, ನಾಗರಿಕತೆ ಇವುಗಳ ವಿಂಗಡಣೆ ನಡೆದಿರುವಲ್ಲಿ, ಈ ಗುಣವು ಕ್ಷೀಣಿಸುವುದೆಂದು ಹೇಳದೆ ವಿಧಿಯಿಲ್ಲ. ಅಲ್ಲಿ ಇಂದಿರೆಯ ಹೆಸರನ್ನು ತೆಗೆದು ಒಂದು ತರಗತಿಯ ಹೆಸರನ್ನು ಇಟ್ಟರೂ ಕೊರತೆಯಾಗದು. ಬೋದ್ಧವ್ಯನು ಮರೆಯಾದಂತೆ ಬರಹವು ಬೋಧನೆಯಾಗುವುದಕ್ಕೆ ಇದೊಂದು ನಿದರ್ಶನ.

೧೯೩೦ರ ಅಕ್ಟೋಬರಿನಲ್ಲಿ ನೈನಿ ಸೆರೆಮನೆಯಿಂದ ಮೊದಲಾಗಿ ೧೯೩೩ರ ಆಗಸ್ಟಿನವರೆಗೆ ನಡೆದ ಎರಡನೆಯ ಪತ್ರಮಾಲೆಯು ಜಗತ್ತಿನ ಇತಿಹಾಸವನ್ನೇ ವಸ್ತುವಾಗಿ ಹಿಡಿದಿದೆ. ಆಗ ಸಂಚಾರ ನಿಂತಿದ್ದುದು ತಂದೆಗೆ. ಗೋಡೆಯೊಳಗೆ ಇದ್ದವನಿಗೆ ಹೇಳಲು ಹೊಳೆಯಿಲ್ಲ, ಬೆಟ್ಟವಿಲ್ಲ. ಆದುದರಿಂದ ಶತಮಾನಗಳಲ್ಲಿ ತಿರುಗಾಡಿ ಆ ಸುದ್ದಿಯನ್ನು ಬರೆದನು. ಬರೆದ ಕಾಗದಗಳೆಲ್ಲವೂ ಕೂಡಲೆ ಮಗಳ ಕೈಸೇರಿದುವೂ ಅಲ್ಲ. ಗ್ರಂಥದ ವಿಸ್ತಾರವನ್ನು ಮೆಚ್ಚುವವರು ಈ ಮೂಲವನ್ನು ಮರೆಯಬಾರದು. ಮೊದಲ ಮಾಲೆಯು ನಿಂತುದು ವಿಷಯ ಮುಗಿದುದರಿಂದಲ್ಲ. ಬೇಸಗೆ ಕಳೆದು ಮಗಳು ಬೆಟ್ಟದಿಂದ ಇಳಿದುಬಂದುದರಿಂದ. ಕಾಗದವು ಯಾವುದರ ಪ್ರತಿನಿಧಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

೫

ಕನ್ನಡದಲ್ಲಿ ಪತ್ರಲೇಖನದ ಸಂಪ್ರದಾಯವು ಬಹುಕಾಲ ಉಭಯ ಕುಶಲೋಪರಿಯ ಚೌಕಟ್ಟಿನಲ್ಲಿಯೇ ನಡೆದುಬಂದಿತು. ಚಿರಂಜೀವಿಗೆ ಆಶೀರ್ವಾದ, ಇತ್ತ ಕ್ಷೇಮ, ಅತ್ತಣ ಕ್ಷೇಮಕ್ಕೆ ಬರೆಯುತ್ತಿರಬೇಕೆಂಬ ಅಪ್ಪಣೆ, ಅನಂತರ ಓದು ನಡೆವಳಿಕೆಗಳ ಮೇಲೆ ಉಪದೇಶ. ಈ ಚೌಕಟ್ಟು ತಿರಸ್ಕಾರಯೋಗ್ಯವಲ್ಲ. ಕ್ಷೇಮವೆಂಬ ಒಂದು ಶಬ್ದಕ್ಕಾಗಿ ಅಂಚೆಯವನ ದಾರಿ ಕಾದ ಮನೆಗಳು ಎಷ್ಟೋ ಇದ್ದುವು. ಆದರೆ ಶಾಲೆಗಳಲ್ಲಿ ತಂದೆಯು ಮಗನಿಗೆ ಬರೆಯುವ ಪತ್ರವೆಂಬ ಮಾದರಿಯನ್ನು ಕಲಿಸುವ ಉಪಾಧ್ಯಾಯರು ಉಪದೇಶದ ಭಾಗವನ್ನೇ ಪತ್ರದ ತಿರುಳೆಂದು ತಿಳಿಸಿದರೆ, ಪತ್ರವೆಂಬ ಸಾಹಿತ್ಯಪ್ರಕಾರದ ಜೀವವು ವಿದ್ಯಾರ್ಥಿಗಳಿಗೆ ಕಾಣದೆಯೇ ಹೋಗುವುದು.

ಮೇಲಿನ ನಿದರ್ಶನಗಳಿಂದ ಮೂರು ಲಕ್ಷಣಗಳನ್ನು ಸಂಗ್ರಹಿಸಬಹುದು. ಅಗಲಿದ ಮಗುವಿಗೆ ಹೇಳುವ ತಿರುಗಾಟದ ವಾರ್ತೆಯು ಮಗುವಿನ ನೆನಪು ಎಲ್ಲಿ ನಿಂತಿದೆಯೋ ಅಲ್ಲಿಂದ ಹೊರಡಬೇಕು. ಅದು ಮಗುವಿನ ಕಣ್ಣಿಗೆ ಕೆಲಸ ಕೊಡಬೇಕು, ಅಥವಾ ಮರುಮಾತಿಗೆ ಎಡೆಯಿಡಬೇಕು. ಕಂಡುದರಿಂದ ನೀತಿಯನ್ನು ಹಿಂಡುವ ಅವಸರ ಅದಕ್ಕೆ ಇರಬಾರದು. ಈ ಮೂರೂ ಇದ್ದಲ್ಲಿ ಭಾಮಹನು ಹೊರಗಿಟ್ಟ ವಾರ್ತೆಯು ಕಾವ್ಯದ ಬಾಗಿಲನ್ನು ದಾಟುವುದು. ಭಾಮಹನ ಮಾತು ಇದರಿಂದ ಸುಳ್ಳಾಗುವುದಿಲ್ಲ. ಕೇಳುವವರಿಲ್ಲದ ವಾರ್ತೆಗೆ ಅದು ಇಂದಿಗೂ ಸಲ್ಲುವುದು. ಕಣ್ವನಾದರೋ ಕೇಳುವವಳನ್ನು ಬಲ್ಲವನು. ಅವನು ಹೇಳಿಕಳುಹಿಸಬೇಕಾಗಿದ್ದ ಸುದ್ದಿಗೆ ಒಂದು ವಾಕ್ಯ ಸಾಕಾಗುತ್ತಿತ್ತು: ಜಿಂಕೆ ಈದಿತು, ಮರಿ ಸುಖವಾಗಿದೆ.