ಎರಡನೇ ಜಾಗದಾಗ ನಿಂತಿ, ಮುಂದ?

ನನ್ನ ಫೇಸ್‌ಬುಕ್ಕಿನಲ್ಲಿ ಅತಿ ಹೆಚ್ಚು ಲೈಕ್ ಬಿದ್ದಿರೋದು ನನ್ನ ಮದುವೆ ಫೋಟೋಗಲ್ಲ. 2022ರ ಫೆಬ್ರವರಿ ಕೊನೆಯ ಒಂದು ಶನಿವಾರ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯ ಹುಲ್ಲುಹಾಸಿನ ಮೇಲೆ ತೆಗೆಸಿಕೊಂಡ ಒಂದು ಫೋಟೋಗೆ. ಆಗ ನಾನು ಕಂಪನಿ ಕೆಲಸದ ಮೇಲೆ ಅಲ್ಲಿದ್ದೆ. ರೂಮ್‌ಮೇಟ್ ಕರೆದುಕೊಂಡು ಹೋಗಿದ್ದ. ಒಲಿಂಪಿಕ್ಸ್‌ನಲ್ಲಿ ಪದಕ ಕೊಡೋವಾಗ ಹತ್ತಿಸ್ತಾರಲ್ಲ, ಅಂಥದ್ದೇ ಮೂರು ಎತ್ತರದ ಕಟ್ಟೆ. ನಡುವಿನ ಮೊದಲನೇ ಜಾಗದಲ್ಲಿ ಒಂದು ಪ್ರತಿಮೆ, ಮೂರನೇ ಜಾಗದಲ್ಲಿ ಇನ್ನೊಂದು. ಇಬ್ಬರೂ ಕಪ್ಪು ಓಟಗಾರರು, ತಲೆ ತಗ್ಗಿಸಿ ಒಂದೊಂದು ಮುಷ್ಟಿ ಮೇಲೆತ್ತಿ ನಿಂತಿದ್ದಾರೆ. ಎರಡನೇ ಜಾಗ ಖಾಲಿ.

"ಹತ್ತು ಮಾರಾಯ, ಅದು ಇರೋದೇ ಹತ್ಲಿಕ್ಕೆ" ಅಂದ ರೂಮ್‌ಮೇಟ್. ಹತ್ತಿದೆ. ಮುಷ್ಟಿಯನ್ನೂ ಎತ್ತಿದೆ. ಬ್ಲ್ಯಾಕ್ ಹಿಸ್ಟರಿ ಮಂತ್ ಅಂತ ಒಂದು ಸಾಲು ಬರೆದು ಪೋಸ್ಟ್ ಮಾಡಿದೆ. ಚಪ್ಪಾಳೆ, ಬೆಂಕಿ, ಹೃದಯ ಎಲ್ಲ ಬಂದವು. ನಡುವೆ ನನ್ನ ಹೈಸ್ಕೂಲ್ ಗೆಳೆಯ ಊರಿಂದ ಒಂದು ಕಾಮೆಂಟ್ ಹಾಕಿದ್ದ: "ಎರಡನೇ ಜಾಗದಾಗ ನಿಂತಿ. ಚಲೋ ಆತು. ಮುಂದ?"

ಅದಕ್ಕೂ ಒಂದು ಲೈಕ್ ಒತ್ತಿ ಸುಮ್ಮನಾದೆ. ಆದರೆ ಆ "ಮುಂದ?" ಅನ್ನೋದು ಮಾತ್ರ ಹೋಗಲಿಲ್ಲ. ಆ ಪ್ರತಿಮೆ ಬಗ್ಗೆ, ಅದರ ಸುತ್ತ ನಡೆಯೋ ಆಚರಣೆ ಬಗ್ಗೆ ಆಮೇಲೆ ಕೂತು ಓದಿದೆ. ಓದಿದ ಮೇಲೆ ಅನಿಸಿದ್ದು: ಪ್ರತಿಮೆ ಒಳ್ಳೆಯದೇ. ಅದನ್ನು ಬಳಸುತ್ತಿರೋ ನಾವು ಅಷ್ಟು ಒಳ್ಳೆಯವರಲ್ಲ.

ಮೊದಲು ಕತೆ ಹೇಳಿಬಿಡ್ತೀನಿ. 1968ರ ಅಕ್ಟೋಬರ್ 16, ಮೆಕ್ಸಿಕೋ ಸಿಟಿ ಒಲಿಂಪಿಕ್ಸ್, 200 ಮೀಟರ್ ಓಟ. ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಿಗೆ ಓಡಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್ 20.06ಕ್ಕೆ ಬೆಳ್ಳಿ. ಅಮೆರಿಕದವರೇ ಆದ ಜಾನ್ ಕಾರ್ಲೋಸ್ 20.10ಕ್ಕೆ ಕಂಚು. ಸ್ಮಿತ್, ಕಾರ್ಲೋಸ್ ಇಬ್ಬರೂ ಇದೇ ಸ್ಯಾನ್ ಹೊಸೆಯ ವಿದ್ಯಾರ್ಥಿಗಳು. ಪದಕ ತಗೊಳ್ಳೋಕೆ ಬಂದಾಗ ಕಾಲಲ್ಲಿ ಬೂಟಿಲ್ಲ, ಕಪ್ಪು ಕಾಲುಚೀಲ ಮಾತ್ರ. ತಮ್ಮ ಜನರ ಬಡತನದ ಗುರುತು ಅದು. ಕಾರ್ಲೋಸ್ ಕೊರಳಲ್ಲಿ ಮಣಿಸರ. ಗುಂಪು ಸೇರಿ ಕೊಂದು ಮರಕ್ಕೆ ನೇತು ಹಾಕಿದ ಕಪ್ಪು ಜನರ ನೆನಪಿಗೆ. ರಾಷ್ಟ್ರಗೀತೆ ಶುರುವಾದಾಗ ಇಬ್ಬರೂ ಕಪ್ಪು ಕೈಗವಸು ತೊಟ್ಟ ಮುಷ್ಟಿ ಎತ್ತಿದರು. ಸ್ಮಿತ್ ಬಲಗೈ, ಕಾರ್ಲೋಸ್ ಎಡಗೈ. ಕಾರ್ಲೋಸ್ ತಮ್ಮ ಗವಸು ಮರೆತು ಬಂದಿದ್ದರು, ಒಂದೇ ಜೋಡಿಯನ್ನು ಇಬ್ಬರೂ ಹಂಚಿಕೊಂಡದ್ದು. ಹಾಗೆ ಮಾಡಿ ಅಂತ ಹೇಳಿದವರು ನಾರ್ಮನ್.

ಆ ನಾರ್ಮನ್ ಮುಷ್ಟಿ ಎತ್ತಲಿಲ್ಲ. ಮುಂದೆ ನೋಡುತ್ತ ಸುಮ್ಮನೆ ನಿಂತಿದ್ದರು. ಅವರ ಎದೆಯ ಮೇಲೆ ಒಂದು ಬ್ಯಾಡ್ಜ್ ಇತ್ತು, ಅಷ್ಟೆ. ಕಪ್ಪು ಕ್ರೀಡಾಪಟುಗಳು ಕಟ್ಟಿದ್ದ ಒಲಿಂಪಿಕ್ ಪ್ರಾಜೆಕ್ಟ್ ಫಾರ್ ಹ್ಯೂಮನ್ ರೈಟ್ಸ್ ಸಂಘಟನೆಯ ಬ್ಯಾಡ್ಜ್. ಅದೂ ಸ್ವಂತದ್ದಲ್ಲ, ಅಮೆರಿಕದ ದೋಣಿ ತಂಡದ ಬಿಳಿಯನೊಬ್ಬನಿಂದ ಕೇಳಿ ಪಡೆದದ್ದು. ಅವರು ನಿಂತಿದ್ದ ಜಾಗದಲ್ಲಿ ನಾನು ಮುಷ್ಟಿ ಎತ್ತಿ ಫೋಟೋ ತೆಗೆಸಿಕೊಂಡಿದ್ದೆ! ಪಾತ್ರವೇ ಗೊತ್ತಿಲ್ಲದೆ ವೇಷ ಹಾಕಿದ ಹಾಗೆ.

ಆಮೇಲೆ ಆದದ್ದು ನಿಮಗೆ ಗೊತ್ತಿರಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅಧ್ಯಕ್ಷ ಏವರಿ ಬ್ರಂಡೇಜ್ ಗುಡುಗಿದ. ಅಮೆರಿಕದ ಸಮಿತಿ ಇಬ್ಬರನ್ನೂ ಅಮಾನತು ಮಾಡಿ ಒಲಿಂಪಿಕ್ ಗ್ರಾಮದಿಂದ ಆಚೆ ಹಾಕಿತು. ಪದಕ ಕಿತ್ತುಕೊಂಡರು ಅಂತ ವಾಟ್ಸಾಪ್‌ನಲ್ಲಿ ಓಡಾಡೋದು ಸುಳ್ಳು, ಪದಕ ಅವರ ಬಳಿಯೇ ಉಳಿದವು. ಕಳೆದುಕೊಂಡದ್ದು ನೆಮ್ಮದಿ: ಕೊಲೆ ಬೆದರಿಕೆ, ಕೆಲಸಕ್ಕೆ ಪರದಾಟ. ನಾರ್ಮನ್‌ರನ್ನು 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಕಳಿಸಲಿಲ್ಲ. ಅದು ಶಿಕ್ಷೆಯೋ ಅಲ್ಲವೋ ಅನ್ನೋ ವಾದ ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ಇದೆ. ಆದರೆ 2012ರಲ್ಲಿ ಅಲ್ಲಿನ ಸಂಸತ್ತು ಅವರ ಕ್ಷಮೆ ಕೇಳಿತು. ಅಷ್ಟೊತ್ತಿಗೆ ಅವರು ತೀರಿಕೊಂಡು ಆರು ವರ್ಷ. 2006ರಲ್ಲಿ ಅವರ ಶವಪೆಟ್ಟಿಗೆಗೆ ಹೆಗಲು ಕೊಡೋಕೆ ಸ್ಮಿತ್, ಕಾರ್ಲೋಸ್ ಇಬ್ಬರೂ ಹೋಗಿದ್ದರು.

ಈಗ ಪ್ರತಿಮೆಗೆ ಬರೋಣ. ರಿಗೋ 23 ಅನ್ನೋ ಹೆಸರಲ್ಲಿ ಕೆಲಸ ಮಾಡೋ, ಪೋರ್ಚುಗಲ್ ಮೂಲದ ಕಲಾವಿದ ಮಾಡಿದ್ದು. ಸುಮಾರು 22 ಅಡಿ ಎತ್ತರ. ಕಂಚು, ಕಲ್ಲಿನ ಬದಲು ಫೈಬರ್‌ಗ್ಲಾಸ್, ಅದರ ಮೇಲೆ ಸೆರಾಮಿಕ್ ಟೈಲ್ಸಿನ ಚೂರುಗಳು. ದೂರದಿಂದ ನೋಡಿದರೆ ಟ್ರ್ಯಾಕ್‌ಸೂಟ್ ಹಾಕಿದ ಇಬ್ಬರು ಹುಡುಗರು, ಹತ್ತಿರ ಹೋದರೆ ಸಣ್ಣ ಸಣ್ಣ ಚೂರು ಸೇರಿ ಮನುಷ್ಯ ಆಗಿರೋದು ಕಾಣುತ್ತೆ. ಕುದುರೆ ಮೇಲೆ ಕತ್ತಿ ಹಿಡಿದು ಕೂತ ಪ್ರತಿಮೆಗಳನ್ನು ನೋಡಿ ಬೆಳೆದ ನನಗೆ ಇದು ಹಿಡಿಸಿತು. ಇಲ್ಲಿ ಯಾರೂ ಯಾರನ್ನೂ ಗೆದ್ದ ಹಾಗಿಲ್ಲ. ಇಬ್ಬರೂ ಕೆಳಗೆ ನೋಡ್ತಿದ್ದಾರೆ.

ನಾರ್ಮನ್ ಪ್ರತಿಮೆ ಯಾಕಿಲ್ಲ? ಅವರೇ ಬೇಡ ಅಂದರು. ಬರೋ ಜನ ತಾನು ನಿಂತ ಜಾಗದಲ್ಲಿ ನಿಲ್ಲಲಿ ಅನ್ನೋದು ಅವರ ಆಸೆ. 2005ರ ಅಕ್ಟೋಬರ್‌ನಲ್ಲಿ ಅನಾವರಣಕ್ಕೂ ಬಂದಿದ್ದರು. ಅಲ್ಲಿರೋ ಫಲಕ ಹೇಳೋದೂ ಅದನ್ನೇ: ಆಸ್ಟ್ರೇಲಿಯಾದ ಓಟಗಾರ ಪೀಟರ್ ನಾರ್ಮನ್ ಇವರಿಗೆ ಬೆಂಬಲವಾಗಿ ಇಲ್ಲಿ ನಿಂತಿದ್ದರು, ನೀವೂ ಒಂದು ನಿಲುವು ತಗೊಳ್ಳಿ. ನಮ್ಮ ಕನ್ನಡದಲ್ಲೂ ನಿಲ್ಲೋದು, ನಿಲುವು ಎರಡೂ ಒಂದೇ ಬೇರಿನ ಮಾತುಗಳು. ಆದರೆ ಕ್ಯಾಮೆರಾ ಮುಂದೆ ನಿಲ್ಲೋದು ಎಷ್ಟು ಸುಲಭ ಅಂದರೆ, ನಿಂತ ಮೇಲೆ ನಿಲುವು ತಗೊಂಡ ಹಾಗೇ ಅನಿಸಿಬಿಡುತ್ತೆ. ನನ್ನ ತಕರಾರು ಇರೋದು ಇಲ್ಲೇ. ಜಾಗ ಖಾಲಿ ಬಿಟ್ಟದ್ದು ದೊಡ್ಡ ಮನಸ್ಸು, ಹೌದು. ಆದರೆ ಅಲ್ಲಿ ನಿಂತ ಒಬ್ಬ ಮನುಷ್ಯ ಏನು ತೆತ್ತ ಅನ್ನೋದು ಆ ಖಾಲಿಯಲ್ಲಿ ಕಾಣಲ್ಲ. ನಾವು ಹತ್ತುತ್ತೇವೆ, ಎರಡು ನಿಮಿಷ ನಿಲ್ಲುತ್ತೇವೆ, ಇಳಿದು ಕಾಫಿಗೆ ಹೋಗುತ್ತೇವೆ. ನಾರ್ಮನ್ ಬದುಕಿರುವ ತನಕ ಅಲ್ಲಿಂದ ಇಳಿಯಲೇ ಇಲ್ಲ.

ಇನ್ನು ಯೂನಿವರ್ಸಿಟಿ. ಆ ಮುಷ್ಟಿ ಮೆಕ್ಸಿಕೋದಲ್ಲಿ ದಿಢೀರನೆ ಎದ್ದದ್ದಲ್ಲ. 1967ರಲ್ಲಿ ಇದೇ ಕ್ಯಾಂಪಸ್ಸಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಹ್ಯಾರಿ ಎಡ್ವರ್ಡ್ಸ್ ಕಪ್ಪು ವಿದ್ಯಾರ್ಥಿಗಳ ಜೊತೆ ಸೇರಿ ಪ್ರತಿಭಟನೆ ಮಾಡಿದರು. ಕಾಲೇಜಿಗಾಗಿ ಓಡಿ ಗೆದ್ದು ಕೊಡೋ ಹುಡುಗರಿಗೆ ಕಾಲೇಜಿನ ಸುತ್ತಮುತ್ತ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಎಡ್ವರ್ಡ್ಸ್ ಸ್ವತಃ ಅಲ್ಲಿ ಓದಿ, ಆಡಿ, ಮನೆಗಾಗಿ ಅಲೆದವರು. ಪ್ರತಿಭಟನೆ ಬಿಸಿಗೆ ಆ ವರ್ಷದ ಮೊದಲ ಫುಟ್‌ಬಾಲ್ ಪಂದ್ಯವೇ ರದ್ದಾಯಿತು. ರದ್ದು ಮಾಡಿದ ಅಧ್ಯಕ್ಷ ರಾಬರ್ಟ್ ಕ್ಲಾರ್ಕ್ ಮರುವರ್ಷ ಸ್ಮಿತ್, ಕಾರ್ಲೋಸ್ ಪರವಾಗಿಯೂ ಮಾತಾಡಿದರು. ಅದನ್ನು ಹೇಳದೇ ಹೋದರೆ ತಪ್ಪಾಗುತ್ತೆ.

ಆದರೆ ಒಬ್ಬ ಅಧ್ಯಕ್ಷ ಒಳ್ಳೆಯವನಿದ್ದ ಮಾತ್ರಕ್ಕೆ ಸಂಸ್ಥೆಗೆ ನೆನಪಿರುತ್ತೆ ಅಂತೇನಿಲ್ಲ. ಸ್ಪೀಡ್ ಸಿಟಿ ಅಂತ ಹೆಸರಾಗಿದ್ದ ಸ್ಯಾನ್ ಹೊಸೆ ಸ್ಟೇಟ್ 1988ರಲ್ಲಿ ತನ್ನ ಪುರುಷರ ಓಟದ ತಂಡವನ್ನೇ ನಿಲ್ಲಿಸಿತು. ಮುಂದೆ ಪ್ರತಿಮೆಯ ಆಲೋಚನೆ ಬಂದದ್ದೂ ಆಡಳಿತದಿಂದಲ್ಲ. ನಮ್ಮ ಕಾಲೇಜಿನವರೇ ಅವರು, ಇಲ್ಲಿ ಅವರ ಗುರುತೇ ಇಲ್ಲವಲ್ಲ ಅಂತ ಪ್ರಶ್ನೆ ಎತ್ತಿದ್ದು ಒಬ್ಬ ಬಿಳಿಯ ವಿದ್ಯಾರ್ಥಿ. ಕೈಗೆತ್ತಿಕೊಂಡದ್ದು ವಿದ್ಯಾರ್ಥಿ ಸಂಘ. ಅಂದರೆ 2005ರಲ್ಲಿ ಪ್ರತಿಮೆ ನಿಂತಾಗ ಆ ಕ್ಯಾಂಪಸ್ಸಿನಲ್ಲಿ ಇಬ್ಬರು ಓಟಗಾರರ ಪ್ರತಿಮೆ ಇತ್ತು, ಓಡೋಕೆ ಪುರುಷರ ತಂಡ ಇರಲಿಲ್ಲ. ತಂಡವನ್ನು ಮತ್ತೆ ಕಟ್ಟುತ್ತೇವೆ ಅಂತ ಪ್ರಕಟಿಸಿದ್ದು 2016ರಲ್ಲಿ.

ಇನ್ನೂ ಒಂದು. 2013ರಲ್ಲಿ ಅಲ್ಲಿನ ಹಾಸ್ಟೆಲ್ಲಿನಲ್ಲಿ ಮೊದಲ ವರ್ಷದ ಕಪ್ಪು ವಿದ್ಯಾರ್ಥಿಯೊಬ್ಬನನ್ನು ಜೊತೆಗಿದ್ದ ಬಿಳಿಯ ಹುಡುಗರು ಕಾಡಿದರು. ಕುತ್ತಿಗೆಗೆ ಸೈಕಲ್ ಬೀಗ ಹಾಕಿದರು. ಗುಲಾಮಗಿರಿ ಉಳಿಸೋಕೆ ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ ಕಟ್ಟಿದರು. ಅವನನ್ನು 'ಐದರಲ್ಲಿ ಮೂರು' ಅಂತ ಕರೆದರು. ಜನಸಂಖ್ಯೆ ಲೆಕ್ಕದಲ್ಲಿ ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಅಂತ ಎಣಿಸಿದ ಹಳೇ ಸಂವಿಧಾನದ ಸಾಲಿನಿಂದ ತೆಗೆದ ಅಡ್ಡಹೆಸರು. ಯೋಚಿಸಿ, ಆ ಹುಡುಗರಿಗೆ ಇತಿಹಾಸ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಚೆನ್ನಾಗೇ ಗೊತ್ತಿತ್ತು! 2016ರಲ್ಲಿ ಜ್ಯೂರಿ ಹಲ್ಲೆಯ ಅಪರಾಧವನ್ನು ಒಪ್ಪಿತು, ದ್ವೇಷಾಪರಾಧದ ಆರೋಪ ನಿಲ್ಲಲಿಲ್ಲ. ಸುದ್ದಿ ಹೊರಬಂದಾಗ ವಿದ್ಯಾರ್ಥಿಗಳು ಪ್ರತಿಭಟನೆಗೆ ಸೇರಿದ್ದು ಇದೇ ಪ್ರತಿಮೆಯ ಬುಡದಲ್ಲಿ. ನನ್ನ ಪ್ರಕಾರ ಆ ಪ್ರತಿಮೆ ತನ್ನ ಕೆಲಸ ಸರಿಯಾಗಿ ಮಾಡಿದ್ದು ಅವತ್ತು. ಉಳಿದ ದಿನ ಅದು ನಮ್ಮಂಥವರ ಪ್ರೊಫೈಲ್ ಫೋಟೋಗೆ ಹಿನ್ನೆಲೆ.

ಫೆಬ್ರವರಿ ಆಚರಣೆಗೂ ಹೀಗೇ ಒಂದು ಮರೆತ ಮೂಲ ಇದೆ. 1926ರಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ ಶುರು ಮಾಡಿದ್ದು ಒಂದು ವಾರದ ಆಚರಣೆ. ಅದು ತಿಂಗಳಾಗಲಿ ಅಂತ 1969ರಲ್ಲಿ ಕೇಳಿದವರು ಓಹಾಯೋದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯ ಕಪ್ಪು ವಿದ್ಯಾರ್ಥಿಗಳು, ಅಧ್ಯಾಪಕರು. ಮರುವರ್ಷ ಮಾಡಿಯೂ ತೋರಿಸಿದರು. ಅಧ್ಯಕ್ಷ ಫೋರ್ಡ್ ಅದಕ್ಕೆ ಮಾನ್ಯತೆ ಕೊಟ್ಟದ್ದು 1976ರಲ್ಲಿ. ಸ್ಯಾನ್ ಹೊಸೆಗೆ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನಲ್ಲಂತೂ ನಮ್ಮ ಚರಿತ್ರೆಯನ್ನೂ ಪಾಠವಾಗಿ ಕಲಿಸಿ ಅಂತ 1968ರ ನವೆಂಬರ್‌ನಿಂದ ಸುಮಾರು ಐದು ತಿಂಗಳು ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಯಾವುದನ್ನೂ ಯಾರೂ ಕರೆದು ಕೊಟ್ಟದ್ದಲ್ಲ. ಜಗಳ ಆಡಿ ಪಡೆದದ್ದು ಹಬ್ಬ ಆದ ಮೇಲೆ ಜಗಳದ ಭಾಗ ಮಾತ್ರ ಬಿಟ್ಟುಹೋಗುತ್ತೆ.

ಇಷ್ಟು ಬರೆದು ನಿಲ್ಲಿಸಿದರೆ ನಿಮಗೂ ಸುಖ, ನನಗೂ ಸುಖ. ಅಮೆರಿಕದವರು ಹೀಗೆ ನೋಡಿ ಅಂತ ಲೊಚಗುಟ್ಟಿ ಮುಗಿಸಬಹುದು. ಆದರೆ ನಾನು ಆ ಕಟ್ಟೆ ಹತ್ತೋಕೆ ಒಂದು ತಿಂಗಳ ಹಿಂದೆ, 2022ರ ಜನವರಿಯಲ್ಲಿ, ಸ್ಯಾನ್ ಹೊಸೆಯೂ ಸೇರಿ ಆಗ 23 ಕ್ಯಾಂಪಸ್ಸಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ತಾರತಮ್ಯ ವಿರೋಧಿ ನಿಯಮದಲ್ಲಿ ಒಂದು ಪದ ಸೇರಿಸಿತ್ತು: ಜಾತಿ. ಜನಾಂಗ, ಬಣ್ಣದ ಜೊತೆ ಜಾತಿಯ ಹೆಸರಲ್ಲೂ ಯಾರನ್ನೂ ಬೇರೆ ಮಾಡಬಾರದು ಅಂತ. ಕೆಲವು ಭಾರತೀಯ ಮೂಲದ ಅಧ್ಯಾಪಕರು ವಿರೋಧಿಸಿದರು. ಇದು ನಮ್ಮ ಜನರ ಕಡೆಗಷ್ಟೇ ಬೆರಳು ತೋರಿಸುತ್ತೆ ಅನ್ನೋದು ಅವರ ವಾದ. ಇಬ್ಬರು ಕೋರ್ಟಿಗೂ ಹೋದರು.

ನಾನಿದ್ದ ಒಂದು ಕನ್ನಡಿಗರ ವಾಟ್ಸಾಪ್ ಗ್ರೂಪಿಗೂ ವಿಷಯ ಬಂತು. ವಿರೋಧದ ಮನವಿಗೆ ಎಲ್ಲರೂ ಸಹಿ ಹಾಕಿ ಅಂತ ಒಬ್ಬರು ಲಿಂಕ್ ಕಳಿಸಿದರು. "ನಮ್ಮಲ್ಲಿ ಈಗ ಜಾತಿ ಎಲ್ಲಿದೆ ಸರ್" ಅಂತ ಇನ್ನೊಬ್ಬರು. ಸಾಲು ಸಾಲಾಗಿ ಹೆಬ್ಬೆರಳುಗಳು ಬಿದ್ದವು. ನಾನು ಸಹಿ ಹಾಕಲಿಲ್ಲ. ಒಂದಕ್ಷರ ಬರೆಯಲೂ ಇಲ್ಲ. ಗ್ರೂಪನ್ನು ಮ್ಯೂಟ್ ಮಾಡಿದೆ. ಆ ವಾರವೇ ಹೋಗಿ ಮುಷ್ಟಿ ಎತ್ತಿದ್ದು.

ಬರೆಯೋಕೆ ನನ್ನ ಬಳಿ ಏನೂ ಇರಲಿಲ್ಲ ಅಂತಲ್ಲ. ನಮ್ಮದು ಗದಗ ಕಡೆ ಎರಿ ಹೊಲದ ಊರು, ನಮ್ಮದು ಹೊಲ ಇದ್ದ ಮನೆ. "ಮುಂದ?" ಅಂತ ಕೇಳಿದ ಗೆಳೆಯನ ಅವ್ವ ನಮ್ಮ ಹೊಲಕ್ಕೆ ಹತ್ತಿ ಬಿಡಿಸೋಕೆ ಬರುತ್ತಿದ್ದಳು. ಶಾಲೆಯಲ್ಲಿ ಅವನು, ನಾನು ಒಂದೇ ಬೆಂಚು. ಮನೆಗೆ ಬಂದರೆ ಅವನು ಕಟ್ಟೆಯ ಕೆಳಗೆ. ಅವನವ್ವ ನೀರು ಕೇಳಿದರೆ ತಂಬಿಗೆ ಎತ್ತರ ಹಿಡಿದು ಸುರಿಯಬೇಕು, ಆಕೆ ಬೊಗಸೆ ಒಡ್ಡಿ ಕುಡಿಯಬೇಕು. ಎಷ್ಟೋ ಸಲ ಸುರಿದವನು ನಾನೇ. ಟಾಮಿ ಸ್ಮಿತ್ ಕೂಡ ಗೇಣಿ ಹೊಲದ ಮನೆಯಲ್ಲಿ 12 ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿ, ಹತ್ತಿ ಬಿಡಿಸಿ ಬೆಳೆದವರು ಅಂತ ಓದಿದಾಗ ನನಗೆ ನೆನಪಾದದ್ದು ಆ ಬೊಗಸೆ. ಎರಡು ದೇಶದ ಚರಿತ್ರೆ ಒಂದೇ ಅಂತ ನಾನು ಹೇಳ್ತಿಲ್ಲ. ನನ್ನ ಕೈಯಲ್ಲಿದ್ದ ತಂಬಿಗೆ ನನಗೆ ಗೊತ್ತಿತ್ತು ಅಂತಷ್ಟೇ ಹೇಳ್ತಿದ್ದೀನಿ. "ಇದೆ ಸರ್, ನಮ್ಮನೇಲೇ ಇತ್ತು" ಅಂತ ಗ್ರೂಪಿನಲ್ಲಿ ಒಂದು ಸಾಲು ಬರೆದಿದ್ದರೆ ಅದು ನನ್ನ ಬ್ಯಾಡ್ಜ್ ಆಗುತ್ತಿತ್ತು. ಅದಕ್ಕೆ ನಾನು ತೆರಬೇಕಿದ್ದ ಬೆಲೆಯಾದರೂ ಏನು? ಭಾನುವಾರದ ಎರಡು ಊಟದ ಕರೆ ತಪ್ಪುತ್ತಿತ್ತೇನೋ.

ನಾರ್ಮನ್ ಓಡಿದ ಆ 20.06 ಸೆಕೆಂಡ್ ಆಸ್ಟ್ರೇಲಿಯಾದ ದಾಖಲೆಯಾಗಿ 56 ವರ್ಷ ಉಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಮುರಿದವನು ಗೌಟ್ ಗೌಟ್ ಅನ್ನೋ 16 ವರ್ಷದ ಕಪ್ಪು ಹುಡುಗ, ದಕ್ಷಿಣ ಸೂಡಾನಿನಿಂದ ವಲಸೆ ಬಂದವರ ಮಗ. ಆ ಸುದ್ದಿ ಓದಿದ ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಪ್ರತಿಮೆ, ನಾರ್ಮನ್, ವಾಟ್ಸಾಪ್ ಗ್ರೂಪು, ಮ್ಯೂಟು, ಎಲ್ಲ ಹೇಳಿದೆ. ತಂಬಿಗೆ ವಿಷಯ ಹೇಳೋಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಅವನು ಎಲ್ಲ ಕೇಳಿಸಿಕೊಂಡ.

"ನೀ ಏನೂ ಬರದಿಲ್ಲ ಅಂತ ಅವತ್ತ ಗೊತ್ತಿತ್ತು ಬಿಡಪಾ" ಅಂದ.

"ಹೆಂಗ?"

"ಬರದಿದ್ರ ಅದರ ಸ್ಕ್ರೀನ್‌ಶಾಟ್ ತಗದು ಮೊದಲ ನನಗ ಕಳಸ್ತಿದ್ದಿ."

ನಕ್ಕ. ನಾನೂ ನಕ್ಕೆ. ಆಮೇಲೆ ಅವನ ಅವ್ವನಿಗೆ ಕೊಡು ಅಂದೆ. ಮಲಗಿದ್ದಾಳೆ, ನಾಳೆ ಮಾಡು ಅಂದ.